ಹಾಳಾದ ರಸ್ತೆಗೇ ಮೊದಲ ಪಾಲು ಎಂಬ ನ್ಯಾಯ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ರಸ್ತೆಯ ಮಾತು ಬಂದಾಗ ಒಂದು ವಾದಕ್ಕೆ ಎದುರಾಡುವವರೇ ಇರುವುದಿಲ್ಲ. ಯಾವ ರಸ್ತೆ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದೆಯೋ ಅದಕ್ಕೆ ಮೊದಲು ಹಣ ಕೊಡಬೇಕು ಎಂಬುದು ಆ ವಾದ. ತಾಲ್ಲೂಕಿನ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಹೇಳುವುದೂ ಇದನ್ನೇ, ರಸ್ತೆ ತಡೆದು ಕೂತ ಊರವರು ಕೇಳುವುದೂ ಇದನ್ನೇ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮಳೆಗಾಲದುದ್ದಕ್ಕೂ ಬರುವ, ನೀರು ನಿಂತ ತಗ್ಗಿನ ಚಿತ್ರಗಳ ಕೆಳಗಿನ ಬೇಡಿಕೆಯೂ ಇದೇ. ಈ ವಾದವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಹೆಚ್ಚು ನೊಂದವರಿಗೆ ಮೊದಲ ನೆರವು ಸಿಗಬೇಕೆಂಬುದು ಎಲ್ಲರೂ ಒಪ್ಪುವ ನೀತಿ. ಅಳತೆ ಕಣ್ಣಿಗೆ ಕಾಣುವಂಥದ್ದಾದ್ದರಿಂದ ಇಲಾಖೆಯ ಅಂದಾಜು ಪತ್ರಿಕೆ ಓದಲು ಬಾರದವರೂ ಅದನ್ನು ತಾಳೆ ನೋಡಬಹುದು. ವಶೀಲಿಗೆ ಅದು ಒಂದು ಕಡಿವಾಣ ಕೂಡ: ಹರಿದುಹೋದ ರಸ್ತೆಯನ್ನು ಬಿಟ್ಟು ಪ್ರಭಾವಿಯೊಬ್ಬರ ತೋಟದ ದಾರಿಗೆ ಡಾಂಬರು ಬಿದ್ದರೆ ಅದು ಅನ್ಯಾಯವೆಂದು ತೋರಿಸಿಕೊಡಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಇಷ್ಟೆಲ್ಲ ಗುಣವಿರುವ ನಿಯಮವೇ ನಮ್ಮ ರಸ್ತೆಗಳನ್ನು ಕೆಡಿಸುತ್ತಿರುವ ಕಾರಣಗಳಲ್ಲಿ ಒಂದು ಎಂಬುದು ನನ್ನ ಅನಿಸಿಕೆ.

ಗೊಂದಲ ಹುಟ್ಟುವುದು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಹುಡುಕುವುದರಿಂದ. ಊರಿಗೆ ಎಲ್ಲ ಕಾಲಕ್ಕೂ ನಡೆಯುವ ಒಂದು ದಾರಿಯಾದರೂ ಇದೆಯೇ ಎಂಬುದು ಮೊದಲ ಪ್ರಶ್ನೆ. ಇರುವ ರಸ್ತೆಯನ್ನು ಕೆಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದು ಎರಡನೆಯದು. ಯಾವ ರಸ್ತೆಯನ್ನು ಅಗಲಿಸಬೇಕು, ಗಟ್ಟಿಗೊಳಿಸಬೇಕು, ಮೇಲ್ದರ್ಜೆಗೇರಿಸಬೇಕು ಎಂಬುದು ಮೂರನೆಯದು. ಮೊದಲನೆಯದು ಹಕ್ಕಿನ ಪ್ರಶ್ನೆ. ಅಲ್ಲಿ ಕೊರತೆ ಹೆಚ್ಚಿದ್ದವರಿಗೆ ಮೊದಲ ಪಾಲು ಎಂಬ ನ್ಯಾಯ ಪೂರ್ತಿ ಸಲ್ಲುತ್ತದೆ. ಎರಡನೆಯದು ಆಸ್ತಿ ಕಾಯುವ ಪ್ರಶ್ನೆ. ಅಲ್ಲಿ ಆ ನ್ಯಾಯ ತಿರುಗುಬಾಣವಾಗುತ್ತದೆ. ಮೂರನೆಯದು ಸಂಚಾರದ ಪ್ರಶ್ನೆ; ಅಲ್ಲಿ ತಗ್ಗುಗಳ ಎಣಿಕೆ ಏನನ್ನೂ ಹೇಳುವುದಿಲ್ಲ.

ಎರಡನೆಯದರಿಂದಲೇ ಶುರು ಮಾಡುತ್ತೇನೆ, ಹೆಚ್ಚು ಹಣ ಪೋಲಾಗುವುದು ಅಲ್ಲೇ ಆದ್ದರಿಂದ. ಡಾಂಬರು ರಸ್ತೆ ವರ್ಷಕ್ಕಿಷ್ಟು ಎಂದು ಸಮನಾಗಿ ಸವೆಯುವುದಿಲ್ಲ. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮೇಲ್ಪದರ ಬಿರುಕು ಬಿಟ್ಟು ನೀರು ಒಳಗಿಳಿಯಲು ಆರಂಭಿಸಿದ ಮೇಲೆ ಒಂದೆರಡು ಮಳೆಗಾಲದಲ್ಲಿ ಕುಸಿಯುತ್ತದೆ. ನಮ್ಮ ಸೀಮೆಯಲ್ಲಿ ಈ ಕುಸಿತ ಇನ್ನೂ ಬಿರುಸು. ಡೋಣಿ ನದಿ ಬಯಲಿನ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಹಸಿಯಿದ್ದಾಗ ಭಾರ ತಡೆಯುವುದಿಲ್ಲ. ಹಳ್ಳಿ ರಸ್ತೆಯೊಂದರ ಅಂಚನ್ನು ಬಾಗಿ ನೋಡಿದರೆ ಕಥೆಯೆಲ್ಲ ಅಲ್ಲೇ ಇರುತ್ತದೆ. ಮೇಲೆ ಎರಡು ಸೆಂಟಿಮೀಟರ್ ದಪ್ಪದ ಡಾಂಬರು ಹಾಸು, ಅದರ ಕೆಳಗೆ ಖಡಿ, ಖಡಿಯ ಸಂದಿಗಳಲ್ಲಿ ಕೆಳಗಿನಿಂದ ಏರಿ ತುಂಬಿಕೊಂಡ ಕರಿ ಮಣ್ಣು. ಪಕ್ಕದಲ್ಲಿ ಗಟಾರ ಇರಬೇಕಾದ ಜಾಗವನ್ನು ಹೊಲದವರು ರಸ್ತೆಯ ಅಂಚಿನತನಕ ಹರಗಿ ಬಿತ್ತಿರುತ್ತಾರೆ. ಹರಿದುಹೋಗಬೇಕಾದ ನೀರು ರಸ್ತೆಯ ಬುಡದಲ್ಲೇ ನಿಲ್ಲುತ್ತದೆ. ಗಟಾರ ತೆಗೆಸಿ, ಬಿರುಕು ಮುಚ್ಚಿಸಿ, ಸಕಾಲದಲ್ಲಿ ಮೇಲೊಂದು ಪದರ ಹಾಕಿಸಿದ್ದರೆ ಇದು ತಪ್ಪುತ್ತಿತ್ತು. ಮಾಳಿಗೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಮೊದಲೇ ಮಾಳಿಗೆ ಮೇಲೆ ಮಣ್ಣು ಹಾಕಿಸಿದವನ ತೊಲೆ ಉಳಿಯುತ್ತದೆ, ಸೋರಲಿ ನೋಡೋಣ ಎಂದವನು ಜಂತೆ ಸಮೇತ ಬದಲಿಸುತ್ತಾನೆ.

ಇದನ್ನು ಲೆಕ್ಕಕ್ಕೆ ಇಳಿಸೋಣ. ಅಂಕಿಗಳು ಬರೀ ತರ್ಕಕ್ಕಾಗಿ ಇಟ್ಟುಕೊಂಡವು. ಒಂದು ತಾಲ್ಲೂಕಿನಲ್ಲಿ 100 ಕಿ.ಮೀ. ರಸ್ತೆ ಇದೆ ಎನ್ನಿ. 20 ಕಿ.ಮೀ. ಪೂರ್ತಿ ಹಾಳು, 40 ಕಿ.ಮೀ. ಇನ್ನೆರಡು ವರ್ಷದಲ್ಲಿ ಹಾಳಾಗುವ ಅಂಚಿನಲ್ಲಿದೆ, ಉಳಿದ 40 ಹೊಸದು. ಮೇಲ್ಪದರ ಹಾಕಲು ಕಿ.ಮೀ.ಗೆ ಒಂದು ಪಾಲು ಹಣ ಬೇಕು, ಬುಡದಿಂದ ಕಟ್ಟಲು ನಾಲ್ಕು ಪಾಲು. ವರ್ಷಕ್ಕೆ ಸಿಗುವುದು 40 ಪಾಲು. ಹಾಳಾದದ್ದಕ್ಕೇ ಮೊದಲು ಎಂದು ಹೊರಟರೆ ವರ್ಷಕ್ಕೆ 10 ಕಿ.ಮೀ.ನಂತೆ ಎರಡು ವರ್ಷದಲ್ಲಿ ಆ 20 ಕಿ.ಮೀ. ಸರಿಹೋಗುತ್ತದೆ, ಅಷ್ಟರಲ್ಲಿ ಅಂಚಿನಲ್ಲಿದ್ದ 40 ಕಿ.ಮೀ. ಕುಸಿದಿರುತ್ತದೆ. ಒಂದು ವರ್ಷದ 40 ಪಾಲಿನಲ್ಲಿ ಉಳಿಯಬಹುದಾಗಿದ್ದ ರಸ್ತೆಗೆ ಈಗ 160 ಪಾಲು, ಅಂದರೆ ಇನ್ನೂ ನಾಲ್ಕು ವರ್ಷದ ಹಣ. ಆ ನಾಲ್ಕು ವರ್ಷದಲ್ಲಿ ಇಂದಿನ ಹೊಸ ರಸ್ತೆಯೂ ಹಳತಾಗಿ ಸಾಲಿಗೆ ಬಂದು ನಿಲ್ಲುತ್ತದೆ. ಕ್ರಮ ತಿರುವಿಹಾಕಿ ಮೊದಲ ವರ್ಷ 40 ಕಿ.ಮೀ.ಗೆ ಪದರ, ಮುಂದಿನ ಎರಡು ವರ್ಷ ಹಾಳಾದ 20 ಕಿ.ಮೀ.ಗೆ ಹೊಸ ಬುಡ ಎಂದು ಮಾಡಿದರೆ ಮೂರನೆಯ ವರ್ಷದ ಕೊನೆಗೆ ಹಾಳು ರಸ್ತೆಯೇ ಇರುವುದಿಲ್ಲ. ಹಣ ಅಷ್ಟೇ, ವ್ಯತ್ಯಾಸ ಕ್ರಮದ್ದು. ವಾಸ್ತವದ ಅನುಪಾತ ನಾಲ್ಕರ ಬದಲು ಮೂರಿರಬಹುದು, ಆರಿರಬಹುದು. ಪದರಕ್ಕಿಂತ ಬುಡ ದುಬಾರಿಯಾಗಿರುವತನಕ ತೀರ್ಮಾನ ಬದಲಾಗದು.

ಈ ವಾದಕ್ಕೆ ಎದುರಾಗುವ ಗಂಭೀರ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಚೆನ್ನಾಗಿರುವ ರಸ್ತೆಯನ್ನು ಮೊದಲು ಕಾಯಿರಿ ಎಂದರೆ ಚೆನ್ನಾಗಿರುವ ರಸ್ತೆ ಇರುವವರಿಗೇ ಮತ್ತೆ ಹಣ ಹೋಗುತ್ತದೆ. ಎಂದೂ ನೆಟ್ಟಗೆ ರಸ್ತೆ ಕಾಣದ ಊರು ಹಾಗೇ ಉಳಿಯುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದ 114 ತಾಲ್ಲೂಕುಗಳ ಪಟ್ಟಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಇದ್ದವು. ಅಂಥ ಸೀಮೆಯಲ್ಲಿ ಕೂತು ಇರುವುದನ್ನು ಕಾಪಾಡಿಕೊಳ್ಳಿ ಎಂದು ಬೋಧಿಸುವುದು ಉಳ್ಳವರ ಬುದ್ಧಿಮಾತಿನಂತೆ ಕೇಳಿಸಿದರೆ ತಪ್ಪೇನಿಲ್ಲ. ಆದ್ದರಿಂದಲೇ ಮೊದಲ ಪ್ರಶ್ನೆಯನ್ನು ಎರಡನೆಯದರಿಂದ ಬೇರ್ಪಡಿಸಿ ಅದಕ್ಕೊಂದು ಪ್ರತ್ಯೇಕ ಹಣದ ಚೀಲ ಇಡಬೇಕು ಎನ್ನುತ್ತಿರುವುದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾದಾಗ ಇಟ್ಟುಕೊಂಡ ನಿಯಮ ಇದಕ್ಕೆ ಮಾದರಿ: ಬಯಲು ಸೀಮೆಯಲ್ಲಿ 500ಕ್ಕಿಂತ ಹೆಚ್ಚು ಜನರಿರುವ ಪ್ರತಿ ಜನವಸತಿಗೆ ಒಂದು ಸರ್ವಋತು ರಸ್ತೆ, ಒಂದೇ ಒಂದು. ಎರಡನೆಯ ದಾರಿ ಬೇಕೆಂಬ ಊರಿಗೆ ಆ ಹಣದಲ್ಲಿ ಪಾಲಿರಲಿಲ್ಲ. ತಗ್ಗು ಎಷ್ಟು ಆಳ ಎಂದು ಅದು ಕೇಳಲಿಲ್ಲ, ದಾರಿ ಇದೆಯೇ ಇಲ್ಲವೇ ಎಂದು ಕೇಳಿತು. ಹಕ್ಕಿನ ಪ್ರಶ್ನೆಯನ್ನು ಕೇಳಬೇಕಾದ ಬಗೆ ಅದು.

ಆ ಅಳತೆಗೋಲನ್ನು ಇಲ್ಲಿಗೆ ತಂದರೆ ಎದ್ದು ಕಾಣುವುದು ರಸ್ತೆಗಿಂತ ಹೆಚ್ಚಾಗಿ ಸೇತುವೆ. ಡೋಣಿ ತುಂಬಿದಾಗ ತಾಳಿಕೋಟಿ–ಹಡಗಿನಾಳ ರಸ್ತೆಯ ತಗ್ಗು ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗ ಇಂಡಿ, ಸಿಂದಗಿ ಕಡೆಯ ನದಿದಂಡೆಯ ಊರುಗಳು ದಾರಿ ಕಳೆದುಕೊಂಡವು. ಹಳ್ಳ ದಾಟಲಾಗದ ಎರಡು ದಿನ ಗರ್ಭಿಣಿಗೆ, ಪರೀಕ್ಷೆಗೆ ಹೊರಟ ಹುಡುಗಿಗೆ ಡಾಂಬರಿನ ನುಣುಪಿನಿಂದ ಏನೂ ಆಗಬೇಕಿಲ್ಲ. ಹೀಗಿದ್ದೂ ಊರೊಳಗಿನ ಸಿ.ಸಿ. ರಸ್ತೆಗೆ ಸಿಗುವ ಅವಸರ ಹಳ್ಳದ ಸೇತುವೆಗೆ ಸಿಗುವುದಿಲ್ಲ. ಸಿ.ಸಿ. ರಸ್ತೆಯನ್ನು ನೂರು ಮೀಟರಿನ ತುಂಡುಗಳಾಗಿ ಹಂಚಬಹುದು, ಅರ್ಧ ಸೇತುವೆಗೆ ಯಾರೂ ಗುದ್ದಲಿ ಪೂಜೆ ಮಾಡಲಾರರು.

ಇನ್ನು ಮೂರನೆಯ ಪ್ರಶ್ನೆ. ರಸ್ತೆ ಕೆಡುವುದಕ್ಕೆ ವಾಹನಗಳ ಎಣಿಕೆಗಿಂತ ಅಚ್ಚಿನ ಮೇಲಿನ ಭಾರ ಮುಖ್ಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಆಶೋ (AASHO) ರಸ್ತೆ ಪರೀಕ್ಷೆಯಿಂದ ಹೊರಬಂದ ಸ್ಥೂಲ ನಿಯಮದ ಪ್ರಕಾರ ಅಚ್ಚಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರರಷ್ಟು. ನಮ್ಮಲ್ಲಿ 2018ರಲ್ಲಿ ನಾಲ್ಕು ಗಾಲಿಯ ಒಂಟಿ ಅಚ್ಚಿನ ಕಾನೂನುಬದ್ಧ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಅದೇ ನಿಯಮದಿಂದ ಲೆಕ್ಕ ಹಾಕಿದರೆ ಅಷ್ಟರಿಂದಲೇ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚು. ಆಲಮಟ್ಟಿ ಹಿನ್ನೀರಿನಿಂದ ಮುಳವಾಡ, ಚಿಮ್ಮಲಗಿ ಏತ ನೀರಾವರಿ ಕಾಲುವೆಗಳು ಬಂದ ಮೇಲೆ ಜೋಳ, ಕಡಲೆ, ತೊಗರಿಯ ಹೊಲಗಳಿಗೆ ಕಬ್ಬು ಬಂತು. ಬಂಡಿ ಮತ್ತು ಟಂಟಂಗೆಂದು ಕಟ್ಟಿದ ರಸ್ತೆಯ ಮೇಲೆ ಈಗ ಎರಡು ಟ್ರೈಲರ್ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತದೆ. ಪಕ್ಕದಲ್ಲೇ ನೀರು ಕಟ್ಟಿದ ಹೊಲ ಇರುವುದರಿಂದ ರಸ್ತೆಯ ಬುಡ ಬೇಸಿಗೆಯಲ್ಲೂ ಆರುವುದಿಲ್ಲ. ಇಂಥ ರಸ್ತೆ ಕೆಟ್ಟಿದೆ ಎಂದು ಮೊದಲಿದ್ದ ದಪ್ಪಕ್ಕೇ ಮತ್ತೆ ಕಟ್ಟಿಸಿದರೆ ಅಷ್ಟೇ ವರ್ಷದಲ್ಲಿ ಅದು ಮತ್ತೆ ಪಟ್ಟಿಯ ತುದಿಗೆ ಬರುತ್ತದೆ, ಮತ್ತೆ ಆದ್ಯತೆ ಪಡೆಯುತ್ತದೆ. ಇದಕ್ಕೆ ಗರಸಿನ ದಪ್ಪ ಬುಡ, ಅಗಲ, ಗಟಾರ ಎಲ್ಲ ಬೇಕು, ಕಿ.ಮೀ.ಗೆ ಖರ್ಚು ಹೆಚ್ಚು, ಆದ್ದರಿಂದ ಅಂಥ ರಸ್ತೆಗಳು ಕೆಲವೇ ಇರಬೇಕು. ಯಾವುವು ಎಂದು ತೀರ್ಮಾನಿಸಲು ಕಾರ್ಖಾನೆ, ಮಾರುಕಟ್ಟೆ, ಆಸ್ಪತ್ರೆ, ಕಾಲೇಜುಗಳತ್ತ ಎಷ್ಟು ಊರಿನ ಸಂಚಾರ ಸೇರುತ್ತದೆ ಎಂದು ನೋಡಬೇಕು. 2019ರಲ್ಲಿ ಬಂದ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ರಸ್ತೆಗಳಿಗೆ ಅಂಕ ಕೊಟ್ಟು ಆರಿಸಿತು. ಅಂದರೆ ನಾನು ಹೇಳುತ್ತಿರುವ ಮೂರರಲ್ಲಿ ಎರಡು ಕ್ರಮಗಳು ಈಗಾಗಲೇ ಸರ್ಕಾರಿ ಕೈಪಿಡಿಯಲ್ಲಿವೆ. ಕೈಪಿಡಿಯ ಹೊರಗಿನ ಹಣಕ್ಕೆ ಅವು ಅನ್ವಯಿಸುವುದಿಲ್ಲ, ಅಷ್ಟೆ.

ಹೊರಗಿನ ಹಣವೇ ಹೆಚ್ಚು, ಅದು ಬರುವ ಬಾಗಿಲುಗಳೂ ಹಲವು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹೊಸ ಕೆಲಸಕ್ಕೆ 5054, ನಿರ್ವಹಣೆಗೆ 3054 ಲೆಕ್ಕ ಶೀರ್ಷಿಕೆ. ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಪಟ್ಟಣದ ಎಲ್ಲೆಯೊಳಗಿನದು ಪುರಸಭೆಯದು. ಕಾಲುವೆ ಪಕ್ಕದ ಸೇವಾ ರಸ್ತೆ ಕೃಷ್ಣಾ ಭಾಗ್ಯ ಜಲ ನಿಗಮದ್ದು. ಬಾಗೇವಾಡಿ, ಮುದ್ದೇಬಿಹಾಳ ಕಡೆ ಊರವರಿಗೆ ಅದೇ ದಾರಿಯಾದರೂ ಅದು ಯಾವ ರಸ್ತೆ ಪಟ್ಟಿಯಲ್ಲೂ ಇರುವುದಿಲ್ಲ. ಇವುಗಳ ಜೊತೆಗೆ ಶಾಸಕರ ವರ್ಷದ 2 ಕೋಟಿ, ಸಂಸದರ 5 ಕೋಟಿ, ಪರಿಶಿಷ್ಟರ ಉಪಯೋಜನೆ, ಗ್ರಾಮೀಣ ಉದ್ಯೋಗ ಖಾತರಿಯ ಹೊಲದ ದಾರಿ, 2025–26ರ ಬಜೆಟ್ಟಿನಲ್ಲಿ ಘೋಷಿಸಿದ 8,000 ಕೋಟಿಯ ಮುಖ್ಯಮಂತ್ರಿ ಮೂಲಸೌಕರ್ಯ ಕಾರ್ಯಕ್ರಮ. ಒಂದು ಬಾಗಿಲಿನ ಹಣ ಇನ್ನೊಂದಕ್ಕೆ ಹರಿಯುವುದಿಲ್ಲ. ಹೀಗಿರುವಾಗ ತಾಲ್ಲೂಕಿನಲ್ಲೇ ಅತಿ ಕೆಟ್ಟ ರಸ್ತೆಗೆ ಮೊದಲ ಹಣ ಎಂಬ ಮಾತಿಗೆ ಆಡಳಿತದಲ್ಲಿ ಅರ್ಥವೇ ಹುಟ್ಟುವುದಿಲ್ಲ. ಎಲ್ಲ ರಸ್ತೆಗಳನ್ನೂ ಒಟ್ಟಿಗೆ ಹೋಲಿಸುವ ಪಟ್ಟಿ ಯಾವ ಕಚೇರಿಯ ಮೇಜಿನ ಮೇಲೂ ಬರುವುದಿಲ್ಲವಲ್ಲ. ನಿಯಮಕ್ಕೆ ಅರ್ಥವಿಲ್ಲದ ಕಡೆ ಬೇರೆ ನಿಯಮಗಳು ಬಂದು ಕೂರುತ್ತವೆ. ನಾನು ಗಮನಿಸಿದಂತೆ ಅವು ಇವು:

1. ಹಂಚಿಕೆಯ ನಿಯಮ. ಪ್ರತಿ ಊರಿಗೂ ಏನಾದರೂ ಸಲ್ಲಬೇಕು. ಎಂಟು ಕಿ.ಮೀ. ರಸ್ತೆ ಒಂದೊಂದೇ ಕಿ.ಮೀ.ನ ತುಂಡು ಗುತ್ತಿಗೆಯಾಗಿ ವರ್ಷಗಟ್ಟಲೆ ನಡೆಯುತ್ತದೆ. ಕೊನೆಯ ತುಂಡು ಮುಗಿಯುವ ಹೊತ್ತಿಗೆ ಮೊದಲನೆಯದರ ಅಂಚು ಒಡೆದಿರುತ್ತದೆ.

2. ಶೀರ್ಷಿಕೆಯ ನಿಯಮ. ಯಾವ ಬಾಗಿಲಲ್ಲಿ ಹಣ ಇದೆಯೋ ಆ ಬಾಗಿಲಿನ ರಸ್ತೆ ಸುಧಾರಿಸುತ್ತದೆ. ಹಳ್ಳಿ ರಸ್ತೆಯನ್ನು ಜಿಲ್ಲಾ ಮುಖ್ಯ ರಸ್ತೆಯೆಂದು ಮೇಲ್ದರ್ಜೆಗೇರಿಸಬೇಕೆಂಬ ಬೇಡಿಕೆಯ ಹಿಂದೆ ಹಲವು ಬಾರಿ ಸಂಚಾರಕ್ಕಿಂತ ಈ ಲೆಕ್ಕವೇ ಇರುತ್ತದೆ.

3. ಬಿಲ್ಲಿನ ನಿಯಮ. ಮಂಜೂರಾತಿ ಬಜೆಟ್ಟನ್ನು ಮೀರಿದ ಮೇಲೆ ಆದ್ಯತೆ ತೀರ್ಮಾನವಾಗುವುದು ಕ್ರಿಯಾ ಯೋಜನೆಯಲ್ಲಲ್ಲ, ಯಾರ ಬಿಲ್ಲು ಮೊದಲು ಪಾವತಿಯಾಗುತ್ತದೆ ಎಂಬಲ್ಲಿ. ಬಾಕಿ ಬಿಲ್ಲಿನ ಬಗ್ಗೆ ಗುತ್ತಿಗೆದಾರರ ಸಂಘದ ದೂರು ಸರ್ಕಾರಗಳು ಬದಲಾದರೂ ನಿಂತಿಲ್ಲ. ಬಜೆಟ್ಟಿನ ಜೊತೆ ಬರುವ ಲೋಕೋಪಯೋಗಿ ಕಾಮಗಾರಿಗಳ ಅಪೆಂಡಿಕ್ಸ್-ಇ ಪಟ್ಟಿಯಲ್ಲಿ ಹೆಸರು ಬಂದ ಕಾಮಗಾರಿ ಮುಂದುವರಿದ ಕಾಮಗಾರಿಯಾಗಿ ವರ್ಷದಿಂದ ವರ್ಷಕ್ಕೆ ಸಾಗುತ್ತದೆ.

ಈ ಮೂರೂ ನಿಯಮಗಳು ಜನರೆದುರು ಹಾಳಾದ ರಸ್ತೆಗೇ ಮೊದಲು ಎಂಬ ಮಾತನ್ನೇ ಹೊದ್ದುಕೊಂಡು ಬರುತ್ತವೆ. ಹಾಳಾಗದ ರಸ್ತೆ ಅಪರೂಪವಾದ ಕಡೆ ಯಾವ ರಸ್ತೆಯನ್ನು ಆರಿಸಿದರೂ ಅದು ಹಾಳಾದದ್ದೇ. ವಶೀಲಿಗೆ ಕಡಿವಾಣವೆಂದುಕೊಂಡ ನಿಯಮ ವಶೀಲಿಗೇ ಮರೆಯಾಗುವುದು ಹೀಗೆ.

ಹಣವೇ ಇಲ್ಲದಾಗ ಕ್ರಮದ ಚರ್ಚೆ ಏಕೆ, ಎಲ್ಲ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ಹೋಯಿತಲ್ಲ ಎನ್ನುವವರಿದ್ದಾರೆ. ವರ್ಷಕ್ಕೆ ಸುಮಾರು 50 ಸಾವಿರ ಕೋಟಿಯ ವೆಚ್ಚ ಉಳಿದ ಬಾಬತ್ತುಗಳನ್ನು ಒತ್ತುತ್ತದೆ ಎಂಬುದು ನಿಜ. ಆದರೆ ಗ್ಯಾರಂಟಿಗಳಿಗೆ ಮೊದಲೂ ಇಲ್ಲಿನ ರಸ್ತೆಗಳು ಐದಾರು ವರ್ಷಕ್ಕೇ ಕುಸಿಯುತ್ತಿದ್ದವು. ಹಣ ಕಡಿಮೆಯಾದಷ್ಟೂ ಒಂದು ಪಾಲಿನ ಕೆಲಸ ಬಿಟ್ಟು ನಾಲ್ಕು ಪಾಲಿನ ಕೆಲಸ ಹಿಡಿಯುವುದು ಇನ್ನಷ್ಟು ದುಬಾರಿ.

ಹಿಂದುಳಿದಿರುವಿಕೆಯ ವಾದಕ್ಕೆ ಮತ್ತೊಂದು ಮುಖವಿದೆ, ಅದನ್ನೂ ನೋಡಬೇಕು. ದೇವಣಗಾಂವ ಸೇತುವೆಯ ಮೇಲೆ ಭೀಮಾ ದಾಟಿದರೆ ಅಫಜಲಪುರ ತಾಲ್ಲೂಕು. ಅಲ್ಲಿ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರುತ್ತದೆ. 2023–24ರಲ್ಲಿ ಆ ಮಂಡಳಿಗೆ ಘೋಷಿಸಿದ್ದು 5,000 ಕೋಟಿ. ಈ ದಂಡೆಯ ಸಿಂದಗಿ, ಇಂಡಿಗಳು ಹಳೆಯ ಮುಂಬೈ ಪ್ರಾಂತದ ಪಾಲಿನವಾದ್ದರಿಂದ ಅದರ ಹೊರಗೆ. ಮಣ್ಣು ಒಂದೇ, ಬೆಳೆ ಒಂದೇ, ನಮ್ಮ ತಾಲ್ಲೂಕಿಗೂ ವಿಶೇಷ ಅನುದಾನ ಬೇಕೆಂಬ ಕೂಗು ನ್ಯಾಯವಾದದ್ದು. ಆದರೆ ಹಿಂದುಳಿದಿರುವಿಕೆ ಅಳೆಯಲು ನಂಜುಂಡಪ್ಪ ಸಮಿತಿ ಬಳಸಿದ ತಾಲ್ಲೂಕಿನ ಸೂಚ್ಯಂಕ ತಾಲ್ಲೂಕಿಗೆ ಎಷ್ಟು ಹಣ ಎಂಬುದನ್ನಷ್ಟೇ ಹೇಳಬಲ್ಲದು, ಯಾವ ರಸ್ತೆಗೆ ಎಂಬುದನ್ನು ಹೇಳಲಾರದು. ಸಾಲದ್ದಕ್ಕೆ ಆ ಸೂಚ್ಯಂಕದ ತಾಲ್ಲೂಕುಗಳೇ ಈಗ ಹಾಗಿಲ್ಲ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಬೇರೆಯಾಗಿ ನಾಲ್ಕು ಹತ್ತಾಗಿವೆ. ಹೆದ್ದಾರಿ ಹಾದುಹೋಗುವ ನಿಡಗುಂದಿಯ ಕೊರತೆಯೂ ಬಾಗೇವಾಡಿಯ ಒಳಹಳ್ಳಿಗಳ ಕೊರತೆಯೂ ಒಂದೇ ಅಂಕದಲ್ಲಿ ಅಡಗಿವೆ. ನಂಜುಂಡಪ್ಪ ಸೂಚ್ಯಂಕ ಹಿಡಿದು ರಸ್ತೆ ಆರಿಸುತ್ತೇವೆಂದರೆ ತಕ್ಕಡಿಯಲ್ಲಿ ಉದ್ದ ಅಳೆದಂತೆ.

ಉಳಿದ ಆಕ್ಷೇಪ ಜನಪ್ರತಿನಿಧಿಗಳದು: ಅಂಕ ಕೊಟ್ಟು ಇಂಜಿನಿಯರೇ ಪಟ್ಟಿ ಮಾಡುವುದಾದರೆ ನಾವೇಕೆ? ಪ್ರಶ್ನೆ ಸರಿಯಾದದ್ದೇ. ಒಟ್ಟು ಹಣದಲ್ಲಿ ಹಕ್ಕಿನ ಚೀಲಕ್ಕೆಷ್ಟು, ಕಾಪಾಡುವುದಕ್ಕೆಷ್ಟು, ಸುಧಾರಣೆಗೆಷ್ಟು ಎಂಬುದು ಮೌಲ್ಯದ ತೀರ್ಮಾನ, ಅದು ಆಯ್ಕೆಯಾದವರದೇ. ಮೊದಲ ಚೀಲದಲ್ಲಿ ಯಾವ ಹಳ್ಳದ ಸೇತುವೆ ಮೊದಲು ಎಂಬುದರಲ್ಲೂ ಅವರ ಮಾತಿಗೆ ತೂಕ ಬೇಕು. ಎರಡನೆಯ ಚೀಲದೊಳಗಿನ ಕ್ರಮ ಮಾತ್ರ ಮತಕ್ಕೆ ಹಾಕುವಂಥದ್ದಲ್ಲ. ಗ್ರಾಮ ಸಡಕ್ ಯೋಜನೆಯಲ್ಲಿ ಗಾಡಿ ಎಷ್ಟು ವೇಗದಲ್ಲಿ ಸರಾಗವಾಗಿ ಓಡುತ್ತದೆ ಎಂದು ನೋಡಿ ಒಂದರಿಂದ ಐದರವರೆಗೆ ರಸ್ತೆಗೆ ಅಂಕ ಕೊಡುವ ಸರಳ ಪದ್ಧತಿ ಈಗಾಗಲೇ ಇದೆ. ಮೂರಕ್ಕೆ ಇಳಿಯುತ್ತಿರುವ ರಸ್ತೆ ಮೊದಲು, ಒಂದಕ್ಕೆ ಇಳಿದದ್ದು ಪುನರ್ನಿರ್ಮಾಣದ ಸಾಲಿಗೆ. ಅದೇ ಯೋಜನೆಯ ರಸ್ತೆಯನ್ನು ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಕರಾರಿದೆ. ಆರನೆಯ ವರ್ಷ ಅದು ಹಣವಿಲ್ಲದ ಮನೆಗೆ, ಅಂದರೆ ಜಿಲ್ಲಾ ಪಂಚಾಯಿತಿಗೆ, ಮರಳುತ್ತದೆ. 2021–26ರ 15ನೇ ಹಣಕಾಸು ಆಯೋಗದ ಅನುದಾನದ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆಂದು ಕಟ್ಟಿಟ್ಟದ್ದಾಗಿತ್ತು, ಉಳಿದದ್ದರಲ್ಲೂ ಜಿಲ್ಲಾ ಪಂಚಾಯಿತಿಗೆ ದಕ್ಕಿದ್ದು ಅಲ್ಪ. ಆರನೆಯ ವರ್ಷದ ಈ ರಸ್ತೆಗಳಿಗೆ ಮೀಸಲು ಹಣವಿಟ್ಟರೆ ಎರಡನೆಯ ಚೀಲದ ಅರ್ಧ ಕೆಲಸ ಆದಂತೆ.

ಪಟ್ಟಿಯ ಕ್ರಮ ತಪ್ಪಿಸಬೇಕೆಂದರೆ ತಪ್ಪಿಸಲಿ, ಕಾರಣವನ್ನು ಬರೆದು ಸಭೆಯ ಮುಂದಿಡಲಿ ಎಂಬುದು ನನ್ನ ಸಲಹೆ. ತೊಡಕಿರುವುದು ಸಭೆಯಲ್ಲೇ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಕ್ರಿಯಾ ಯೋಜನೆ ಸಿದ್ಧಪಡಿಸಿ ತಾವೇ ಒಪ್ಪಿಕೊಂಡರು. ಸ್ಥಳೀಯ ಸರ್ಕಾರ ರಸ್ತೆಯ ಆದ್ಯತೆಯನ್ನು ಹೇಗೆ ನಿರ್ಧರಿಸಬೇಕು ಎಂಬ ಚರ್ಚೆಗೆ ಮೊದಲು ಸ್ಥಳೀಯ ಸರ್ಕಾರವೊಂದು ಇರಬೇಕಾಗುತ್ತದೆ. ಕೇಳುವ ಸದಸ್ಯರು ಇಲ್ಲದಿರುವತನಕ ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಚ್ಚಲಿ: ರಸ್ತೆಯ ಹೆಸರು, ಅದರ ಅಂಕ, ಕೊನೆಯ ಪದರ ಹಾಕಿದ ವರ್ಷ, ಬಾಕಿ ಇರುವ ಬಿಲ್ಲು, ಈ ನಾಲ್ಕು ಕಲಮುಗಳ ಸಮೇತ.